ನಿಂತೇ ಆಟ ಕಲಿತವರು

ಹೋದ ತಿಂಗಳು ಪಕ್ಕದ ಮನೆಯ ಬಟ್ಲರು ತೀರಿಕೊಂಡಾಗ ತಿಥಿಗೆ ಇಡಲು ಒಂದು ಫೋಟೋ ಬೇಕಾಯಿತು. ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಒಂದೇ ಒಂದು. ಎಸ್ಟೇಟ್ ಬಂಗಲೆಯ ಮುಂದೆ ಯಾವುದೋ ಕಾಲದಲ್ಲಿ ತೆಗೆದದ್ದು. ಸಾಹುಕಾರರು, ಅವರ ಹೆಂಡತಿ, ಬಂದ ನೆಂಟರು, ಎಲ್ಲ ಬೆತ್ತದ ಕುರ್ಚಿಗಳಲ್ಲಿ ಕೂತಿದ್ದಾರೆ. ಇವರು ಎಡತುದಿಯಲ್ಲಿ ಟ್ರೇ ಹಿಡಿದು ನಿಂತಿದ್ದಾರೆ. ಒಂದು ಕೈ ಫೋಟೋದಿಂದ ಆಚೆ ಹೋಗಿಬಿಟ್ಟಿದೆ. ಸಕಲೇಶಪುರದ ಸ್ಟುಡಿಯೋದವನು ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡಿಕೊಟ್ಟ. ಹಾರ ಹಾಕಿದ ಮೇಲೂ ಆ ಮುಖ ಒಳಗಿನಿಂದ ಯಾರೋ ಕರೆಯುವುದನ್ನು ಕಾಯುತ್ತಿರುವ ಹಾಗೇ ಇತ್ತು. ನನಗೆ ಅಳುವೂ ಬಂತು, ಜೊತೆಗೆ ನಗುವೂ ಬಂತು. ಅವರ ವಿಷಯ ಬರೆಯಬೇಕು ಅನಿಸಿದ್ದು ಆಗಲೇ.

ಹೆಸರು ಬರೆಯುವುದಿಲ್ಲ. ಬರೆದರೂ ಊರಲ್ಲಿ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಬಟ್ಲರು ಎಂದರೆ ಯಸಳೂರಿನಿಂದ ಹೆಗ್ಗದ್ದೆಯವರೆಗೆ ಎಲ್ಲರಿಗೂ ಅವರೊಬ್ಬರೇ. ಮೂವತ್ತನಾಲ್ಕು ವರ್ಷ ಒಂದೇ ಬಂಗಲೆಯಲ್ಲಿ ಅಡುಗೆ ಮಾಡಿ ಬಡಿಸಿದವರು. ಅವರ ಕಟ್ಲೆಟ್ಟು ತಿನ್ನಲು ಹಾಸನದಿಂದ ಜೀಪು ಮಾಡಿಕೊಂಡು ಬರುತ್ತಿದ್ದರಂತೆ. ಅವರಿಂದಾಗಿ ಅವರ ಹೆಂಡತಿಗೂ ಬಟ್ಲರಮ್ಮ ಎಂದೇ ಹೆಸರು ಬಿತ್ತು, ಆಕೆ ಬಂಗಲೆಯ ಮೆಟ್ಟಿಲು ಹತ್ತಿದ್ದು ಎರಡೋ ಮೂರೋ ಸಲ ಅಷ್ಟೇ ಆದರೂ.

ನಾನು ಆಲೂರು ತಾಲ್ಲೂಕಿನ ಕುಂದೂರು ಕಡೆಯವಳು. ತೊಂಬತ್ತೈದರಲ್ಲಿ ಮದುವೆಯಾಗಿ ಯಸಳೂರಿನ ಹತ್ತಿರದ ಈ ಹಳ್ಳಿಗೆ ಬಂದೆ. ತವರಿನಲ್ಲಿ ಚೌಕಾಬಾರ ಆಡಿ ಆಡಿ ಕೈ ಪಳಗಿತ್ತು. ಕವಡೆ ಕೈಗೆ ಬಂದರೆ ನಾನು ಅಣ್ಣ, ತಮ್ಮ ಅಂತೆಲ್ಲ ಮುಖ ನೋಡುತ್ತಿರಲಿಲ್ಲ. ಸೋಲುವುದೆಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಮದುವೆಯಾದ ಎರಡನೇ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ನಮ್ಮತ್ತೆ ನನ್ನನ್ನೂ ನಾದಿನಿಯನ್ನೂ ಕರೆದುಕೊಂಡು ಪಕ್ಕದ ಮನೆಯ ಜಗಲಿಗೆ ಹೋದರು. ಅಲ್ಲಿ ಚಾಪೆ ಹಾಸಿತ್ತು. ನಡುವೆ ಅಂಚು ಸವೆದ ಹಳೇ ಲೂಡೋ ಬೋರ್ಡು. ಪಕ್ಕದಲ್ಲಿ ಬಟ್ಲರು, ಹೆಗಲ ಮೇಲೆ ಬಿಳೀ ಟವಲು ಮಡಿಸಿ ಹಾಕಿಕೊಂಡು, ಕೈ ಬೆನ್ನ ಹಿಂದೆ ಕಟ್ಟಿ, ಸ್ವಲ್ಪ ಮುಂದಕ್ಕೆ ಬಾಗಿ ನಿಂತಿದ್ದರು. ಅವರು ಆಡುವುದಿಲ್ಲ, ಆಡಿಸುತ್ತಾರೆ ಅಂತ ನಾದಿನಿ ಕಿವಿಯಲ್ಲಿ ಹೇಳಿದಳು.

ಅವತ್ತು ನನ್ನ ಗರ ಏನು ಚೆನ್ನಾಗಿತ್ತು ಅಂತೀರಿ. ಬಿಟ್ಟ ಗರವೆಲ್ಲ ಬೇಕಾದ್ದೇ. ಇಲ್ಲಿಯವರೂ ಲೂಡೋಗೆ ನಮ್ಮ ಚೌಕಾಬಾರದ ಮಾತನ್ನೇ ಆಡುತ್ತಿದ್ದರು. ಬೋರ್ಡು ಸುತ್ತಿ ನಡುಮನೆ ಸೇರಿದ ಕಾಯಿ ಹಣ್ಣಾಯಿತು ಅಂತಲೇ ಲೆಕ್ಕ. ನನ್ನ ಮೂರನೇ ಕಾಯಿ ಹಣ್ಣಾಯಿತು, ನಾಲ್ಕನೆಯದು ಬಾಗಿಲಲ್ಲೇ ಇತ್ತು. ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಬಟ್ಲರು ಗಂಟಲು ಸರಿಮಾಡಿಕೊಂಡು, ಊಟ ರೆಡಿ ಅಂದರು. ಅತ್ತೆ ಕೈ ತೆಗೆದರು, ನಾದಿನಿಯೂ ತೆಗೆದಳು. ಬೋರ್ಡು ಮಡಿಚಿ ಡಬ್ಬಕ್ಕೆ ಹೋಯಿತು. ಬಟ್ಲರು ಒಳಗೆ ಹೊರಟುಹೋದರು. ನಾನು ದಾಳ ಹಿಡಿದುಕೊಂಡು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಯಾರ ಮನೆಯ ಊಟ, ಎಲ್ಲಿ ರೆಡಿ? ನಮ್ಮ ಊಟ ನಮ್ಮ ಮನೆಯಲ್ಲಿ, ಅದಕ್ಕೆ ಇನ್ನೂ ಬೇಳೆಯನ್ನೇ ಹಾಕಿರಲಿಲ್ಲ.

ಹೊಸ ಸೊಸೆ, ಏನು ಮಾತಾಡಲಿ. ಮನೆಗೆ ಬಂದು ಗಂಡನ ಮುಂದೆ ಎಗರಾಡಿದೆ. ನಿಮ್ಮಮ್ಮ ಸೋಲುತ್ತಾರೆ ಅಂತ ಆ ಮನುಷ್ಯ ಬೇಕೆಂದೇ ಆಟ ನಿಲ್ಲಿಸಿದರು ಎಂದೆ. ಇವರು ನಕ್ಕುಬಿಟ್ಟರು. ಬಟ್ಲರ ಜಗಲಿಯಲ್ಲಿ ಇದುವರೆಗೆ ಯಾರೂ ಗೆದ್ದಿಲ್ಲ, ಊಟಕ್ಕೆ ಕರೆದರೆ ಆಟ ಮುಗಿಯಿತು ಅಂತ ಅರ್ಥ, ಅದೇ ರೂಲ್ಸು ಅಂದರು. ಎಂಥಾ ರೂಲ್ಸು ಸುಡುಗಾಡು ಅಂತ ನಾನು ಬಯ್ದೆ. ಆದರೆ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಚಾಪೆಯ ಮೇಲೆ ಕೂತವಳೂ ನಾನೇ.

ಆ ಆಟಗಳೆಲ್ಲ ಬಂಗಲೆಯಿಂದ ಬಂದವು. ನಾನು ಬರುವುದಕ್ಕೆ ನಾಲ್ಕು ವರ್ಷ ಮೊದಲು ಸಾಹುಕಾರರು ಎಸ್ಟೇಟ್ ಮಾರಿ ಮೈಸೂರು ಸೇರಿದರಂತೆ. ಹೊರಡುವ ದಿನ ಅವರ ಹೆಂಡತಿ, ಅಂದರೆ ಬಂಗಲೆಯ ಅಮ್ಮಾವ್ರು, ಕೆಲಸದವರನ್ನೆಲ್ಲ ಕರೆದು ಬೇಕಾದ್ದು ತೆಗೆದುಕೊಳ್ಳಿ ಅಂದರು. ಡ್ರೈವರ್ ಫ್ರಿಜ್ ಹೊತ್ತ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮಂಚ ಸಾಗಿಸಿದರು. ನಮ್ಮ ಬಟ್ಲರು ಮೂಲೆಯಲ್ಲಿದ್ದ ಒಂದು ತಗಡಿನ ಟ್ರಂಕು ತೆಗೆದುಕೊಂಡು ಬಂದರು. ಅದರ ತುಂಬ ಲೂಡೋ, ಹಾವು ಏಣಿ, ಚೈನೀಸ್ ಚೆಕರ್ಸು, ಅರ್ಧ ಚೆಸ್ಸು, ಇಂಗ್ಲಿಷ್ ಅಕ್ಷರ ಜೋಡಿಸುವ ಬಿಲ್ಲೆಗಳು. ಫ್ರಿಜ್ ಬುಟ್ಟು ಬಿಲ್ಲೆ ತಂದೋರು ಅಂತ ಬಟ್ಲರಮ್ಮ ಕೊನೆಯವರೆಗೂ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು. ಬಟ್ಲರು ಪಕ್ಕದಲ್ಲೇ ನಿಂತು ಹೌದು ಹೌದು ಅಂತ ತಲೆಯಾಡಿಸುತ್ತಿದ್ದರು.

ಆಮೇಲೆ ಬೇರೆ ಬಂಗಲೆಗಳಿಂದಲೂ ಡಬ್ಬಗಳು ಬರತೊಡಗಿದವು. ಅಟ್ಟ ಗುಡಿಸಿದವರು, ಮಕ್ಕಳು ದೊಡ್ಡವರಾದ ಮನೆಯವರು, ಎಸೆಯುವ ಮೊದಲು ಬಟ್ಲರನ್ನು ನೆನೆಯುತ್ತಿದ್ದರು. ಯಾವುದೂ ಪೂರಾ ಇರುತ್ತಿರಲಿಲ್ಲ. ಹಸಿರು ಕಾಯಿ ಎರಡಿಲ್ಲದಿದ್ದರೆ ಒಣಗಿದ ಕಾಫಿ ಹಣ್ಣು, ನೀಲಿ ಇಲ್ಲದಿದ್ದರೆ ಅಂಗಿಯ ಗುಂಡಿ. ಬಟ್ಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದ್ದರಿಂದ ಅಕ್ಷರದ ಬಿಲ್ಲೆಗಳೂ ಕಾಯಿಗಳೇ ಆದವು. ಹರಿದ ಬೋರ್ಡಿಗೆ ಮೈದಾ ಅಂಟು ಕಾಸಿ, ಹಳೇ ಪಂಚೆಯ ಬಟ್ಟೆ ಹಚ್ಚುತ್ತಿದ್ದರು. ಪ್ರತಿ ಡಬ್ಬದ ಮೇಲೆ ದುಂಡಗಿನ ಕನ್ನಡದಲ್ಲಿ ಅದು ಎಲ್ಲಿಂದ ಬಂತು, ಏನೇನು ಇಲ್ಲ ಅಂತ ಬರೆದಿರುತ್ತಿತ್ತು. ಕೆಲವು ಮುಚ್ಚಳಗಳ ಒಳಗೆ ಯಾವುದೋ ಮಕ್ಕಳು ಪೆನ್ಸಿಲಿನಲ್ಲಿ ತಮ್ಮ ಹೆಸರು ಗೀಚಿರುತ್ತಿದ್ದವು. ನಾದಿನಿ ಒಂದು ಸಲ ರಬ್ಬರು ಹಿಡಿದು ಅಳಿಸಲು ಹೋದಾಗ ಬಟ್ಲರು ತಡೆದರು. ಆಡಿದವರ ಹೆಸರು ಇರಲಿ, ನಮಗೇನು ಭಾರ ಅಂದರು. ಅವಳು ಅದರ ಕೆಳಗೆ ತನ್ನ ಹೆಸರನ್ನೂ ಬರೆದಳು.

ಈಗ ಅವರ ರೂಲ್ಸಿನ ವಿಷಯ. ಡಬ್ಬದೊಳಗಿನ ಇಂಗ್ಲಿಷ್ ಕಾಗದ ಅವರಿಗೆ ಬೇಕಿರಲಿಲ್ಲ. ಮೂವತ್ತನಾಲ್ಕು ವರ್ಷ ಟ್ರೇ ಹಿಡಿದು ಹಿಂದೆ ನಿಂತು ನೋಡಿ ಕಲಿತಿದ್ದರು. ಮನೆಗೆ ಬಂದವರದ್ದು ಮೊದಲ ಗರ. ಕಾಫಿ ಬಂದಾಗ ಎಲ್ಲರೂ ಬೋರ್ಡಿನಿಂದ ಕೈ ತೆಗೆಯಬೇಕು. ದಾಳ ಚಾಪೆಯಿಂದ ಆಚೆ ಉರುಳಿದರೆ ಅದು ಆರು. ಇದು ಯಾವ ನ್ಯಾಯ ಅಂತ ನಾನು ಕೇಳಿದ್ದಕ್ಕೆ, ಬಂಗಲೆಯಲ್ಲಿ ದಾಳ ಸೋಫಾದ ಕೆಳಗೆ ಹೋದರೆ ಬಗ್ಗಿ ನೋಡುತ್ತಿದ್ದುದು ತಾವೇ, ಯಾವಾಗಲೂ ಆರೇ ಬಿದ್ದಿರುತ್ತಿತ್ತು ಅಂದರು. ಹೇಳುವಾಗ ಮುಖ ನೆಟ್ಟಗೇ ಇತ್ತು. ಬಂದ ಅತಿಥಿಗೆ ಒಂದು ಎರಡು ಬಿದ್ದಿದೆ ಅಂತ ನೆಲದ ಮೇಲಿಂದ ಹೇಳುವ ಮನಸ್ಸು ಆ ಮನುಷ್ಯನಿಗೆ ಬಂದಿರಲಿಲ್ಲ, ಅಷ್ಟೇ. ನಮ್ಮೂರ ಮಕ್ಕಳೆಲ್ಲ ದಾಳವನ್ನು ಬೇಕೆಂದೇ ಅಂಗಳಕ್ಕೆ ಉರುಳಿಸುವುದು ಕಲಿತರು. ಬಟ್ಲರು ಹೋಗಿ ಬಗ್ಗಿ ನೋಡಿ, ಆರು ಅನ್ನುವರು.

ಇನ್ನೊಂದು ರೂಲ್ಸು ನನಗೆ ತೀರ ಕಷ್ಟದ್ದು. ಆಡುವವರಲ್ಲಿ ದೊಡ್ಡ ಹೆಂಗಸಿನ ಕಾಯಿ ಹೊಡೆಯುವ ಹಾಗಿಲ್ಲ. ಬಂಗಲೆಯ ಅಮ್ಮಾವ್ರ ಕೆಂಪು ಕಾಯಿಯನ್ನು ಯಾರೂ ಹೊಡೆದಿದ್ದು ಅವರು ಕಂಡಿರಲಿಲ್ಲ. ಹಾಗಾಗಿ ಇಲ್ಲಿ ಕೆಂಪು ಯಾವಾಗಲೂ ನಮ್ಮತ್ತೆಗೆ. ಎರಡೆಕರೆ ಕಾಫಿ ತೋಟ ಇಟ್ಟುಕೊಂಡು ತಾವೇ ಹಣ್ಣು ಕೊಯ್ಯುವ ನಮ್ಮತ್ತೆಯನ್ನೂ ಬಟ್ಲರು ಅಮ್ಮಾವ್ರೇ ಅಂತಲೇ ಕರೆಯುತ್ತಿದ್ದರು. ಅಕ್ಕ ಅನ್ನಿ ಸಾಕು ಅಂತ ಅತ್ತೆ ಎಷ್ಟು ಸಲ ಹೇಳಿದರೋ. ಬಾಯಲ್ಲಿ ಬೇಡ ಅಂದರೂ ಕೆಂಪು ಕಾಯಿಯ ವಿಷಯದಲ್ಲಿ ಅವರು ಆ ದೊಡ್ಡಸ್ತಿಕೆಯನ್ನು ಚೆನ್ನಾಗಿಯೇ ಅನುಭವಿಸುತ್ತಿದ್ದರು ಅನ್ನಿ. ನನ್ನ ಕಾಯಿಯ ಮುಂದೆಯೇ ತಮ್ಮದನ್ನು ತಂದು ನಿಲ್ಲಿಸಿ, ಹೊಡಿ ನೋಡಣ ಅಂತ ಕಣ್ಣಲ್ಲೇ ಕೆಣಕುವರು. ನಾನು ದುಡುಕಿ ದಾಳ ಬೀಸಿದರೆ ಮೇಲಿಂದ ಬಟ್ಲರ ದನಿ ಬರುತ್ತಿತ್ತು. "ನಿಧಾನ ಕಣವ್ವ. ಇಲ್ಲೇನು ಹಾಲು ಉಕ್ತಾ ಐತಾ?"

ಹೀಗೆ ಎರಡು ವರ್ಷ ಸಂತೋಷವಾಗಿ ಕಳೆಯಿತು. ಆಮೇಲೆ ಬಂದದ್ದು ಅವರ ಕಾಲಿನ ತಾಪತ್ರಯ.

ಅವರ ಎಡಗಾಲಿನ ಮೀನಖಂಡದಲ್ಲಿ ನರಗಳು ಊದಿಕೊಂಡು ಹೆಣೆದ ಹಗ್ಗದ ಹಾಗೆ ಕಾಣುತ್ತಿದ್ದವು. ಆ ಜೂನ್‌ನಲ್ಲಿ ಗಿಣ್ಣಿನ ಮೇಲೆ ಒಂದು ಜಿಗಣೆ ಕಚ್ಚಿತು. ನಮಗೆಲ್ಲ ದಿನಕ್ಕೆ ಹತ್ತು ಕಚ್ಚುತ್ತವೆ, ಸುಣ್ಣ ಹಚ್ಚಿ ಮರೆಯುತ್ತೇವೆ. ಅವರದ್ದು ವಾಸಿಯಾಗಲಿಲ್ಲ. ಕೆರೆದು ಕೆರೆದು ಹುಣ್ಣಾಗಿ, ತಿಂಗಳೊಳಗೆ ಅಡಿಕೆಯಷ್ಟಿದ್ದದ್ದು ಅಂಗೈಯಗಲ ಆಯಿತು. ಅಷ್ಟಾಗುವವರೆಗೂ ಪಂಚೆಯೊಳಗೆ ಮುಚ್ಚಿಕೊಂಡೇ ಓಡಾಡಿದರು. ವಾಸನೆ ಬಂದ ಮೇಲೆಯೇ ಬಟ್ಲರಮ್ಮನಿಗೆ ಗೊತ್ತಾದದ್ದು. ನಮ್ಮವರು ಸಕಲೇಶಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಜನ್ಮವೆಲ್ಲ ನಿಂತು ನಿಂತು ರಕ್ತ ಕಾಲಲ್ಲೇ ಉಳಿದುಬಿಟ್ಟಿದೆ, ಮೂರು ತಿಂಗಳು ಕಾಲು ಎತ್ತಿಟ್ಟುಕೊಂಡು ಕೂತಿರಬೇಕು, ಅದೇ ಔಷಧಿ ಅಂದರು. ಕೂರದಿದ್ದರೆ ಹುಣ್ಣು ಮೂಳೆಗೆ ಇಳಿಯುತ್ತದೆ, ಆಮೇಲೆ ಹಾಸನಕ್ಕೆ ಹೋಗಿ ಕಾಲು ತೆಗೆಸಬೇಕಾಗುತ್ತದೆ ಅಂತಲೂ ಹೇಳಿದರು.

ಕೂರುವುದು! ಆ ಮನುಷ್ಯ ಕೂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದರು. ಮಂಚದಲ್ಲಿ ಮಲಗಿಸಿದರೆ ಬಾಗಿಲಲ್ಲಿ ಯಾರೋ ಬಂದ ಹಾಗಾಯಿತು ಅಂತ ಏಳುವರು. ಹಸುವಿನ ಹಿಂಡಿಗೆ ನೀರು ಇಟ್ಟಿದ್ದಾರಾ, ಒಲೆ ಆರಿಸಿದ್ದಾರಾ, ಬಂದವರಿಗೆ ಕಾಫಿ ಆಯಿತಾ, ಏಳಲು ಒಂದು ನೆಪ. ಬಟ್ಲರಮ್ಮ ಬಯ್ದರು, ಅತ್ತರು, ಕೊನೆಗೆ ನಮ್ಮ ಮನೆಗೆ ಬಂದು ಹಿತ್ತಲ ಕಟ್ಟೆಯ ಮೇಲೆ ಕುಸಿದು ಕೂತರು. ಎರಡು ವಾರದಲ್ಲಿ ಹುಣ್ಣು ಒಂದು ಎಳೆಯಷ್ಟೂ ಕಿರಿದಾಗಿರಲಿಲ್ಲ.

"ದನಾದ್ರೆ ಕಟ್ಟಿ ಹಾಕ್ಬೋದಿತ್ತು ಅಕ್ಕ," ಅಂದರು ನಮ್ಮತ್ತೆಗೆ. "ಇವ್ರನ್ನ ಎಂಗ್ ಕಟ್ಲಿ?"

ನಮ್ಮತ್ತೆ ನನ್ನ ಕಡೆ ತಿರುಗಿ, ಆಡುವವರು ಕೂತೇ ಆಡಬೇಕಲ್ಲ ಅಂದರು. ನನಗೆ ಥಟ್ಟನೆ ಹೊಳೆಯಿತು. ಆಡಿಸುವವರನ್ನು ಆಡುವವರನ್ನಾಗಿ ಮಾಡಿದರೆ ಆಯಿತು.

ಮುಂದಿನ ಭಾನುವಾರ ಆಟಕ್ಕೆ ನಾಲ್ಕನೆಯವರು ಬೇಕು, ಮೂರು ಜನದ ಆಟ ಸಪ್ಪೆ ಅಂತ ಶುರುಹಚ್ಚಿಕೊಂಡೆವು. ಬಟ್ಲರು ಬಿಲ್‌ಕುಲ್ ಒಪ್ಪಲಿಲ್ಲ. ತಾವು ಆಡಿದರೆ ನೋಡಿಕೊಳ್ಳುವವರು ಯಾರು ಅಂದರು. ಹಾಗಾದರೆ ನಾನೂ ಆಡುವುದಿಲ್ಲ, ಇವತ್ತಿಂದ ಭಾನುವಾರ ಬಂದ್ ಅಂತ ನಮ್ಮತ್ತೆ ಎದ್ದುಬಿಟ್ಟರು. ಅಮ್ಮಾವ್ರು ಬೇಜಾರಾದರಲ್ಲ ಅಂತ ಅವರಿಗೆ ಚಡಪಡಿಕೆ ಶುರುವಾಯಿತು. ಚಾಪೆಯ ತುದಿಯಲ್ಲಿ ಕಾಲು ಚಾಚಿ ಕೂತರು. ಕೂತ ಮೇಲೆ ಇನ್ನೊಂದು ಫಜೀತಿ. ಎರಡು ವರ್ಷ ನನಗೆ ಹೇಳಿಕೊಟ್ಟ ಮನುಷ್ಯನಿಗೆ ಒಂದು ಕಾಯಿ ಸರಿಯಾಗಿ ನಡೆಸಲು ಬರಲಿಲ್ಲ. ಎತ್ತ ತಿರುಗಬೇಕು ಅಂತಲೇ ತಿಳಿಯದೆ ಹಸಿರು ಕಾಯಿ ಹಿಡಿದು ತಡವರಿಸಿದರು. ಕೆಳಗಿಂದ ನೋಡಿದರೆ ಆಟವೇ ಕಾಣುವುದಿಲ್ಲ ಅಂದರು. ಅವರು ಜೀವನದಲ್ಲಿ ಬೋರ್ಡನ್ನು ನೋಡಿದ್ದೆಲ್ಲ ಮೇಲಿನಿಂದ. ನಾದಿನಿ ಕಿಸಕ್ಕನೆ ನಕ್ಕಳು. ಅವರು ಎದ್ದು ನಿಂತುಬಿಟ್ಟರು. ನಿಂತೊಡನೆ ಎಲ್ಲ ಸರಿಹೋಯಿತು, ಆದರೆ ಬೇಕಾದ್ದು ಅದಲ್ಲವಲ್ಲ.

ಆಗ ನಮ್ಮ ಮಾವನವರ ಆರಾಮ ಕುರ್ಚಿ ನೆನಪಾಯಿತು. ಕಾಲು ಚಾಚಿಡಲು ಉದ್ದನೆಯ ಕೈಗಳಿರುತ್ತವಲ್ಲ, ಎಸ್ಟೇಟ್ ಸಾಹುಕಾರರು ಕೂರುವಂಥದ್ದು, ಅದು. ಮಾವ ಹೋದ ಮೇಲೆ ಅಟ್ಟ ಸೇರಿತ್ತು. ನಮ್ಮವರು ಹೊತ್ತು ತಂದು ಅವರ ಜಗಲಿಯಲ್ಲಿ ಇಟ್ಟರು. ಅವರು ಮೇಲೆ, ನಾವು ಕೆಳಗೆ ಚಾಪೆಯ ಮೇಲೆ. ಬೋರ್ಡು ಅವರಿಗೆ ಚೆನ್ನಾಗಿ ಕಾಣುತ್ತಿತ್ತು, ಕಾಲೂ ಎತ್ತರದಲ್ಲಿತ್ತು. ಆದರೆ ಅಮ್ಮಾವ್ರು ನೆಲದ ಮೇಲೆ, ತಾವು ಕುರ್ಚಿಯಲ್ಲಿ, ಅದೂ ಕಾಲು ಚಾಚಿಕೊಂಡು. ಅವರಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಬೆವರು ಒರೆಸಿಕೊಳ್ಳುವುದೇ ಆಯಿತು. ನನ್ನ ಮಂಡಿಗೆ ನೆಲವೇ ಸುಖ, ನೀವು ಸುಮ್ಮನೆ ಆಡಿ ಅಂತ ಅತ್ತೆ ಗದರಿಸಿ ಕೂರಿಸಿದರು. ಭಾನುವಾರ ಒಂದೇ ಸಾಲದು ಅಂತ ದಿನಾ ಎರಡು ಹೊತ್ತು ಆಟ ಇಟ್ಟುಕೊಂಡೆವು. ಎರಡೂ ಮನೆಯ ಕೆಲಸಗಳು ಹಿಂದುಳಿದವು, ಉಳಿದರೆ ಉಳಿಯಲಿ ಅಂದೆವು.

ಸ್ವಲ್ಪ ದಿನ ಗುಣ ಕಾಣಿಸಿತು. ಗುರುವಾರ ಗುರುವಾರ ಡ್ರೆಸಿಂಗಿಗೆ ಹೋದಾಗ ಡಾಕ್ಟರು ತಲೆಯಾಡಿಸುತ್ತಿದ್ದರು. ಆದರೆ ಒಂದು ಕಾಟ ಮಾತ್ರ ತಪ್ಪಲಿಲ್ಲ. ಯಾರದಾದರೂ ಮೂರನೇ ಕಾಯಿ ಹಣ್ಣಾಗಲಿ, ಬಟ್ಲರ ಎರಡು ಕೈ ಕುರ್ಚಿ ಹಿಡಿಯುತ್ತಿದ್ದವು, ಊಟ ರೆಡಿ ಅಂತ ಬಾಯಲ್ಲಿ ಬರುತ್ತಿತ್ತು, ಎದ್ದು ಅಡುಗೆಮನೆಗೆ ನಡೆದೇಬಿಡುತ್ತಿದ್ದರು. ಒಮ್ಮೆ ಎದ್ದರೆ ಮುಗಿಯಿತು, ಅನ್ನ ಬಸಿದು, ಬಡಿಸಿ, ಪಾತ್ರೆ ಎತ್ತಿ, ಒಲೆ ಒರೆಸುವ ತನಕ ನಿಂತೇ ಇರುವರು. ಕೂತು ಪಡೆದದ್ದೆಲ್ಲ ಆ ಎರಡು ಗಂಟೆಯಲ್ಲಿ ಕಳೆದುಹೋಗುತ್ತಿತ್ತು. ಆಗಸ್ಟಿನ ಒಂದು ಗುರುವಾರ ಪಟ್ಟಿ ಬಿಚ್ಚಿದಾಗ ಹುಣ್ಣು ಮತ್ತೆ ಕೆಂಪಗೆ ತೆರೆದುಕೊಂಡಿತ್ತು. ಡಾಕ್ಟರಿಗೆ ಸಿಟ್ಟು ಬಂತು. ಇನ್ನೊಂದು ವಾರ ನೋಡುತ್ತೇನೆ, ಹೀಗೇ ಇದ್ದರೆ ಹಾಸನಕ್ಕೆ ಚೀಟಿ ಬರೆದುಕೊಡುತ್ತೇನೆ ಅಂದರಂತೆ.

ಅವತ್ತು ಸಾಯಂಕಾಲ ನನಗೂ ತಡೆಯಲಾಗಲಿಲ್ಲ. ಎರಡು ವರ್ಷದ ಸಿಟ್ಟು ಸೇರಿಸಿಕೊಂಡು ಕೇಳಿಬಿಟ್ಟೆ. ಏನು ಬಟ್ಲರೇ ಇದು, ಸೋಲುವವರ ಮೇಲೆ ನಿಮಗೆ ಇಷ್ಟು ಕನಿಕರವಾ, ಒಂದು ಆಟ ಪೂರ್ತಿ ಮುಗಿಯಲು ಬಿಟ್ಟರೆ ನಿಮ್ಮ ಗಂಟೇನು ಹೋಗುತ್ತದೆ, ಕಾಲು ಹೋದರೂ ಪರವಾಗಿಲ್ಲವಾ ಅಂದೆ. ಅವರು ಹೆಗಲ ಮೇಲಿನ ಟವಲು ಬಿಚ್ಚಿ ಮಡಿಸಿದರು.

"ಅಂಗಲ್ಲ ಕಣವ್ವ. ಬಂಗ್ಲೆಯೋರು ಆಟಕ್ ಕೂತ್ರು ಅಂದ್ರೆ ನಾನು ಎಸರಿಡ್ತಿದ್ದೆ. ಯಾರ್ದಾದ್ರೂ ಮೂರ್ನೇ ಕಾಯಿ ಹಣ್ಣಾತು ಅಂದ್ರೆ ಅನ್ನ ಬಸಿಯೋ ಹೊತ್ತು. ಒಳಗೋಗಿ ಬಸ್ದು, ಟೇಬಲ್ ಹಾಕಿ, ಬಂದ್ ಕರೆಯೋದ್ರೊಳಗೆ ಬೋರ್ಡ್ ಎತ್ತಿರೋರು."

"ಆಮೇಲೆ ಯಾರು ಗೆದ್ದರು ಅಂತ?"

"ನಂಗೇನ್ ಗೊತ್ತು? ನಾನ್ಯಾವತ್ತೂ ಕೊನೆ ನೋಡ್ಲೇ ಇಲ್ವಲ್ಲ."

 ಎರಡು ವರ್ಷ ಈ ಮನುಷ್ಯ ಮೋಸ ಮಾಡುತ್ತಾರೆ ಅಂತ ಒಳಗೊಳಗೇ ಬಯ್ದಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಅವರಿಗೆ ಗೊತ್ತಿದ್ದ ಆಟ ಅಷ್ಟೇ ಉದ್ದದ್ದು. ಅದನ್ನೇ ಅವರು ನಮಗೆ ಪೂರ್ತಿ ಕೊಟ್ಟಿದ್ದರು. ನಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಒಳಗೆ ಹೋದರು. ಒಳಗೆ ಅವರೂ ಬಟ್ಲರಮ್ಮನೂ ಬಹಳ ಹೊತ್ತು ಪಿಸುಪಿಸು ಮಾತಾಡಿದರು. ನನಗೆ ಏನೂ ಹೇಳಲಿಲ್ಲ.

ಭಾನುವಾರ ಬಂತು. ಬಟ್ಲರು ಕುರ್ಚಿಯಲ್ಲಿ, ನಾವು ಮೂವರು ಚಾಪೆಯಲ್ಲಿ. ನನಗೆ ಆ ದಿನ ಗೆಲ್ಲುವ ಮನಸ್ಸೇ ಇರಲಿಲ್ಲ. ನನ್ನ ಬಾಯಲ್ಲಿ ಇಂಥ ಮಾತು ಬಂತೆಂದರೆ ನನ್ನ ತಮ್ಮಂದಿರು ನಂಬುವುದಿಲ್ಲ. ಹಸಿರು ಕಾಯಿಗಳಿಗೆ ಒಳ್ಳೆಯ ಗರ ಬೀಳುತ್ತಿತ್ತು. ಒಂದು ಹಣ್ಣಾಯಿತು, ಎರಡಾಯಿತು. ಹನ್ನೆರಡೂವರೆಯ ಹೊತ್ತಿಗೆ ಅವರದೇ ಮೂರನೇ ಕಾಯಿ ನಡುಮನೆ ಸೇರಿತು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಕೈ ಕುರ್ಚಿ ಹಿಡಿದವು. ಪಟ್ಟಿ ಸುತ್ತಿದ ಕಾಲು ಕೆಳಗಿಳಿಯಿತು.

ಒಳಗಿನಿಂದ ಬಟ್ಲರಮ್ಮನ ದನಿ ಬಂತು.

"ಏಳ್ಬ್ಯಾಡಿ. ಇವತ್ತು ಅನ್ನ ಇಟ್ಟಿಲ್ಲ. ಕಡುಬು ಮಾಡೀನಿ. ಬಸಿಯಾಕೇನೂ ಇಲ್ಲ."

ಅವರು ಅಡುಗೆಮನೆಯ ಕಡೆ ನೋಡಿದರು. ನಮ್ಮ ಕಡೆ ನೋಡಿದರು. ಏಳಲು ಹೊರಟ ಮೈಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಹಬೆಯಲ್ಲಿ ಬೇಯುವ ಕಡುಬಿಗೆ ಬಟ್ಲರು ಯಾತಕ್ಕೆ? ನಮ್ಮತ್ತೆ ಬೋರ್ಡಿನಿಂದ ತಲೆ ಎತ್ತದೆ, ನಿಮ್ಮ ಗರ ಅಂದರು. ಸ್ವಲ್ಪ ಹೊತ್ತಾದ ಮೇಲೆ ಕಾಲು ತಾನಾಗಿಯೇ ಕುರ್ಚಿಯ ಕೈಯ ಮೇಲೆ ಹೋಯಿತು.

ಅವರ ಕೊನೆಯ ಕಾಯಿ ಇನ್ನೂ ಅರ್ಧ ದಾರಿಯಲ್ಲಿತ್ತು. ಅದರ ಮುಂದೆ ನಾಲ್ಕನೇ ಮನೆಯಲ್ಲಿ ನಮ್ಮತ್ತೆಯ ಕೆಂಪು ಕಾಯಿ ಕೂತಿತ್ತು. ದಾಳ ಉರುಳಿತು. ನಾಲ್ಕು. ಅವರು ಬೆಚ್ಚಿದವರ ಹಾಗೆ ಕೈ ಹಿಂದೆಳೆದುಕೊಂಡು, ಹೊಡೆಯಂಗಿಲ್ಲ ಅಂದರು.

"ಹೊಡೀರಿ," ಅಂದರು ನಮ್ಮತ್ತೆ. "ಅದು ಬಂಗ್ಲೆ ರೂಲ್ಸು. ಇದು ನಿಮ್ ಜಗಲಿ."

ಬಟ್ಲರು ಬಗ್ಗಿದರು. ಕೆಂಪು ಕಾಯಿಯನ್ನು ಎರಡು ಬೆರಳಿನಲ್ಲಿ, ತುಂಬಿದ ಕಪ್ಪು ಎತ್ತುವ ಹಾಗೆ ಎತ್ತಿ, ಅತ್ತೆಯ ಮುಂದೆ ಇಟ್ಟರು. "ತಪ್ ತಿಳ್ಕಬ್ಯಾಡಿ ಅಕ್ಕ," ಅಂದರು. ಅಕ್ಕ ಅಂದದ್ದು ಅದೇ ಮೊದಲು. ನಮ್ಮತ್ತೆ ತಪ್ಪೇನು ಬಂತು ಅಂತ ಜೋರಾಗಿಯೇ ಹೇಳಿದರು, ದನಿ ಮಾತ್ರ ಸ್ವಲ್ಪ ಬೇರೆಯಾಗಿತ್ತು.

ಕಾಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಮನಸ್ಸು ಬರುವುದಿಲ್ಲ. ಕಾಲು ಉಳಿಯಿತು. ಅವತ್ತಿನಿಂದ ಅವರು ಕೂರುವುದನ್ನು ಕಲಿತರು. ಗುರುವಾರ ಡಾಕ್ಟರು ಹಾಸನದ ಚೀಟಿ ಬರೆಯಲಿಲ್ಲ. ದೀಪಾವಳಿಗೆ ಮೊದಲು ಹುಣ್ಣು ಮುಚ್ಚಿ, ಅಲ್ಲಿ ನುಣ್ಣನೆಯ ಕಪ್ಪು ಕಲೆ ಉಳಿಯಿತು. ಮತ್ತೆ ಹತ್ತು ಹನ್ನೊಂದು ವರ್ಷ ಆ ಎರಡೂ ಕಾಲಿನ ಮೇಲೆಯೇ ನಡೆದಾಡಿದರು. ನನ್ನ ಮಗಳಿಗೆ ಹಾವು ಏಣಿ ಕಲಿಸಿದ್ದು ಅವರೇ. ದಾಳ ಅಂಗಳಕ್ಕೆ ಬಿದ್ದರೆ ಆರು ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಆ ಭಾನುವಾರಕ್ಕೆ ಬರುತ್ತೇನೆ. ಇನ್ನೂ ಒಂದು ಸುತ್ತು ಅತ್ತ ಇತ್ತ ಆಗಿ, ಒಂದೂಕಾಲಿನ ಹೊತ್ತಿಗೆ ಅವರ ನಾಲ್ಕನೇ ಕಾಯಿಯೂ ಹಣ್ಣಾಯಿತು. ನಾದಿನಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಬಟ್ಲರು ನಾಲ್ಕು ಕಾಯಿಗಳನ್ನು ನೋಡುತ್ತಾ ಕೂತರು. ಬೋರ್ಡಿನ ಅಂಚನ್ನು ಒಂದು ಸಲ ಸವರಿದರು. ಆಮೇಲೆ ನನ್ನನ್ನು ಕೇಳಿದರು, ನಿಜವಾಗಿಯೂ ತಿಳಿಯದವರ ಹಾಗೆ.

"ಗೆದ್ದೋರು ಏನ್ ಮಾಡ್ತಾರವ್ವ ಆಮೇಲೆ?"

 ಅಷ್ಟರಲ್ಲಿ ಬಟ್ಲರಮ್ಮ ತಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಅದರಲ್ಲಿ ಹಬೆಯಾಡುವ ಎರಡು ಕಡುಬು, ಕೋಳಿ ಸಾರು. ಗೆದ್ದವರು ಊಟ ಮಾಡ್ತಾರೆ, ಇನ್ನೇನು ಮಾಡ್ತಾರೆ ಅಂದು, ತಟ್ಟೆಯನ್ನು ಅವರ ತೊಡೆಯ ಮೇಲೆ ಇಟ್ಟರು. ನಿಮಗೆಲ್ಲ ಆಗಲಿ, ನಾನು ಆಮೇಲೆ, ಅಂತ ಅವರು ಗೊಣಗಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ಅವರು ಉಂಡದ್ದೆಲ್ಲ ಎಲ್ಲರದೂ ಆದ ಮೇಲೆ, ಒಲೆಯ ಪಕ್ಕ ನಿಂತು, ಆರಿದ್ದನ್ನು. ಹೆಂಡತಿ ಮಾಡಿದ ಅಡುಗೆ ಹೇಗಿದೆ ಅಂತ ಒಂದು ದಿನ ಬಾಯಿ ಬಿಟ್ಟವರಲ್ಲ.

ಕಡುಬು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟರು. ನಾವು ನಾಲ್ಕು ಹೆಂಗಸರೂ ಅವರ ಬಾಯನ್ನೇ ನೋಡುತ್ತಿದ್ದೆವು. ನಿಧಾನವಾಗಿ ಅಗಿದು ನುಂಗಿ, ಬಟ್ಲರು ಬಟ್ಲರ ಹಾಗೇ ಹೇಳಿದರು, ಉಪ್ಪು ಒಂಚೂರು ಮುಂದಾಗೈತೆ ಅಂತ.

ನಾನು ಬಟ್ಲರಮ್ಮ ಸಿಡುಕುತ್ತಾರೆ ಅಂದುಕೊಂಡೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು, ಕಣ್ಣಲ್ಲಿ ನೀರು ತುಂಬಿತ್ತು.

"ಕೇಳುದ್ರಾ ಅಕ್ಕ," ಅಂದರು ನಮ್ಮತ್ತೆಗೆ. "ಮೂವತ್ತೆಂಟು ವರ್ಷಕ್ಕೆ ನನ್ ಅಡುಗೆಗೆ ಇವತ್ತು ಹೆಸರಿಟ್ರು."

ಬಟ್ಲರು ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಬಳಿದು ತಿಂದರು. ಎದ್ದು ಒಳಗೆ ಹೋಗಿ ತಾವೇ ಹಾಕಿಕೊಂಡು ಬರುತ್ತಾರೇನೋ ಅಂತ ನಾನು ಅವರ ಕಾಲನ್ನೇ ನೋಡಿದೆ. ಅವರು ಏಳಲಿಲ್ಲ. ಕೂತಲ್ಲಿಂದಲೇ ತಟ್ಟೆಯನ್ನು ಹೆಂಡತಿಯ ಕಡೆ ಚಾಚಿ, ಇನ್ನೆರಡು ಹಾಕು ಅಂದರು.